ಕೈ ಚಿತ್ರ ಸರಿಯಾಗಿ ಬರುತ್ತಿಲ್ಲ: ಮುಂಗೈ ಒಳಗೆ ಏನಿದೆ ಅಂತ ಎಷ್ಟು ಗೊತ್ತಿರಬೇಕು?

ಗೀಚುಗಾರ:

ಎಲ್ಲರಿಗೂ ನಮಸ್ಕಾರ. ಹವ್ಯಾಸಕ್ಕೆ ಪೆನ್ಸಿಲಿನಲ್ಲಿ ಚಿತ್ರ ಬಿಡಿಸುತ್ತೇನೆ. ಮುಖ ಪರವಾಗಿಲ್ಲ ಅನ್ನುವಷ್ಟು ಬರುತ್ತದೆ, ಕೈ ಮಾತ್ರ ಪ್ರತಿ ಸಲ ಕೈ ಕೊಡುತ್ತದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಎರಡು ಗೆರೆ ಎಳೆಯುತ್ತೇನೆ, ತುದಿಗೆ ಐದು ಬೆರಳು ಸಿಕ್ಕಿಸುತ್ತೇನೆ, ಅಷ್ಟೇ. ಅಂಗೈ ಅಂಗಾತ ಇದ್ದರೆ ಹೇಗೋ ನಡೆಯುತ್ತದೆ. ಬೋರಲು ಮಾಡಿದ ಕೂಡಲೇ ಇಡೀ ಮುಂಗೈ ಆಕಾರವೇ ಬದಲಾಗಿಬಿಡುತ್ತದೆ, ಯಾವ ಉಬ್ಬು ಎಲ್ಲಿಗೆ ಹೋಯಿತು ಅಂತ ತಿಳಿಯುವುದೇ ಇಲ್ಲ.

ಅಂಗರಚನೆಯ ಪುಸ್ತಕ ತೆರೆದೆ. ಮುಂಗೈ ಒಂದರಲ್ಲೇ 20 ಸ್ನಾಯುಗಳಂತೆ. ಕೆಲವು ಹೆಸರು ಅರ್ಧ ಸಾಲಿನಷ್ಟು ಉದ್ದ. ಇದೆಲ್ಲ ಬಾಯಿಪಾಠ ಮಾಡಲೇಬೇಕಾ? ಇನ್ನೊಂದು ಅನುಮಾನ. ಬೆರಳಿನಲ್ಲಿ ಸ್ನಾಯುವೇ ಇಲ್ಲ ಅಂತ ಎಲ್ಲೋ ಓದಿದೆ. ನಿಜವಾ? ಹಾಗಾದರೆ ಬೆರಳನ್ನು ಮಡಚುವುದು ಯಾರು?

ಹಳೇ ಮೇಷ್ಟ್ರು:

ಬಾಯಿಪಾಠ ಬೇಡ. 20 ಹೆಸರನ್ನೂ ಗಿಳಿಪಾಠ ಒಪ್ಪಿಸಿ, ತನ್ನ ಕೈಯಲ್ಲೇ ಒಂದನ್ನೂ ಮುಟ್ಟಿ ತೋರಿಸಲಾಗದ ವೈದ್ಯಕೀಯ ವಿದ್ಯಾರ್ಥಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ ಪಾಠ ಹೇಳುವುದೇ ನನ್ನ ಕೆಲಸವಾಗಿತ್ತು.

ಮೊದಲು ಮೂಳೆ. ಮುಂಗೈಯಲ್ಲಿ ಎರಡಿವೆ. ಹೆಬ್ಬೆರಳ ಕಡೆ ರೇಡಿಯಸ್, ಕಿರುಬೆರಳ ಕಡೆ ಅಲ್ನಾ. ಮೊಣಕೈ ಹತ್ತಿರ ಅಲ್ನಾ ದಪ್ಪ, ರೇಡಿಯಸ್ ಸಣ್ಣ. ಮಣಿಕಟ್ಟಿಗೆ ಬಂದರೆ ಉಲ್ಟಾ. ಅಂದರೆ ಮೊಣಕೈ ಕೀಲನ್ನು ಮುಖ್ಯವಾಗಿ ಹಿಡಿದಿರುವುದು ಅಲ್ನಾ, ಹಸ್ತವನ್ನು ಹೊತ್ತಿರುವುದು ರೇಡಿಯಸ್. ಅಂಗೈ ಅಂಗಾತ ಇದ್ದಾಗ ಎರಡೂ ಪಕ್ಕಪಕ್ಕ ಮಲಗಿರುತ್ತವೆ. ಬೋರಲು ಮಾಡಿದಾಗ ರೇಡಿಯಸ್ ಹಸ್ತವನ್ನೂ ಎಳೆದುಕೊಂಡು ಅಲ್ನಾ ಮೇಲೆ ಅಡ್ಡ ಹಾಯುತ್ತದೆ. ಅಲ್ನಾ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತದೆ. ನಿಮ್ಮ ಉಬ್ಬುಗಳು ಜಾಗ ಬಿಟ್ಟು ಓಡುವುದಕ್ಕೆ ಇದೇ ಕಾರಣ.

ಈಗಲೇ ಮಾಡಿ ನೋಡಿ. ಮೊಣಕೈ ಮಡಚಿ ಮೇಜಿನ ಮೇಲೆ ಊರಿ. ಇನ್ನೊಂದು ಕೈಯ ತೋರುಬೆರಳನ್ನು ಮೊಣಕೈ ಮೊನೆಯ ಮೇಲಿಟ್ಟು, ಅಲ್ಲಿಂದ ಕಿರುಬೆರಳ ಕಡೆಯ ಮಣಿಕಟ್ಟಿನ ಗುಬುಟಿನವರೆಗೆ ನಿಧಾನವಾಗಿ ಜಾರಿಸಿ. ಉದ್ದಕ್ಕೂ ಮೂಳೆಯ ಏಣು ಸಿಗುತ್ತದೆ, ನಡುವೆ ಎಲ್ಲೂ ಮಾಂಸ ಅಡ್ಡ ಬರುವುದಿಲ್ಲ. ಅದು ಅಲ್ನಾ. ಬೆರಳನ್ನು ಆ ಏಣಿನ ಮಧ್ಯದಲ್ಲೇ ಇಟ್ಟುಕೊಂಡು ಅಂಗೈಯನ್ನು ಅಂಗಾತ, ಬೋರಲು, ಅಂಗಾತ ಮಾಡಿ. ಏಣು ಅಲ್ಲಾಡುವುದು ತೀರಾ ಕಮ್ಮಿ. ಆಮೇಲೆ ಬೆರಳನ್ನು ಹೆಬ್ಬೆರಳ ಬುಡದ ಕಡೆಯ ಮೂಳೆ ಮೇಲಿಟ್ಟು ಹಾಗೇ ಮಾಡಿ. ಅದು ನಿಮ್ಮ ಬೆರಳನ್ನೂ ಕರೆದುಕೊಂಡು ಒಂದು ಸುತ್ತು ಹೊಡೆಯುತ್ತದೆ.

ಇನ್ನು ಸ್ನಾಯು. ನಿಮಗೆ ಬೇಕಾದದ್ದು ಎರಡೇ ಗುಂಪು. ಮೊಣಕೈಯ ಒಳಗಡೆ, ಅಂದರೆ ಮೈ ಕಡೆ, ಒಂದು ಮೂಳೆ ಗುಬುಟು ಇದೆ. ಮಣಿಕಟ್ಟು ಮತ್ತು ಬೆರಳುಗಳನ್ನು ಮಡಚುವ ಗುಂಪಿನ ಹೆಚ್ಚಿನವು ಅಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಹುಟ್ಟಿ ಅಂಗೈ ಕಡೆಯಿಂದ ಇಳಿಯುತ್ತವೆ. ಹೊರಗಡೆಯ ಗುಬುಟಿನಿಂದ ಬಿಡಿಸುವ ಗುಂಪು ಹೊರಟು ಹಿಂಬದಿಯಿಂದ ಇಳಿಯುತ್ತದೆ. ಮುಂಗೈಯ ಮೇಲಿನ ಅರ್ಧದಲ್ಲಿ ಮಾಂಸ, ಕೆಳಗಿನ ಅರ್ಧದಲ್ಲಿ ಬಹುಪಾಲು ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಹುರಿ. ಅದಕ್ಕೇ ಮೊಣಕೈ ಹತ್ತಿರ ದಪ್ಪ, ಮಣಿಕಟ್ಟಿನ ಹತ್ತಿರ ಸಣ್ಣ ಮತ್ತು ಚಪ್ಪಟೆ.

ನೀವು ಓದಿದ್ದು ನಿಜ. ಬೆರಳನ್ನು ಆಡಿಸುವ ಸ್ನಾಯು ಬೆರಳೊಳಗೆ ಒಂದೂ ಇಲ್ಲ. ಸೈಕಲ್ಲಿನ ಬ್ರೇಕ್ ಇದ್ದ ಹಾಗೆ, ಒತ್ತುವುದು ಒಂದು ಕಡೆ, ಹಿಡಿಯುವುದು ಇನ್ನೊಂದು ಕಡೆ, ನಡುವೆ ತಂತಿ. ಇಲ್ಲಿ ತಂತಿ ಅಂದರೆ ಟೆಂಡನ್. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳಿಗೂ ಮಡಚುವ ಟೆಂಡನ್ ಎರಡೆರಡು. ಮೇಲಿನದು ಬೆರಳಿನ ನಡು ಮೂಳೆಗೆ ಅಂಟುತ್ತದೆ, ಆಳದ್ದು ತುದಿ ಮೂಳೆಯವರೆಗೆ ಹೋಗುತ್ತದೆ. ಮೇಲಿನದು ದಾರಿಗೆ ಅಡ್ಡ ಅಲ್ವಾ? ಅದಕ್ಕೆ ಅದು ಎರಡಾಗಿ ಸೀಳಿ ನಿಲ್ಲುತ್ತದೆ, ಆಳದ್ದು ಆ ಸೀಳಿನ ನಡುವೆ ತೂರಿ ಮುಂದೆ ಹೋಗುತ್ತದೆ. ಇಷ್ಟು ವರ್ಷ ನೋಡಿದ ಮೇಲೂ ನನಗೆ ಮುಂಗೈಯಲ್ಲಿ ಅತಿ ಚೆಂದ ಅನಿಸುವ ಜಾಗ ಅದೇ.

ಚಿತ್ರಗಾರರಾದ್ದರಿಂದ ಒಂದು ಮಾತು. ರೆಂಬ್ರಾಂಟ್ 1632ರಲ್ಲಿ ಡಾಕ್ಟರ್ ಟುಲ್ಪ್ ಅವರ ಅಂಗರಚನೆ ಪಾಠದ ಚಿತ್ರ ಬರೆದನಲ್ಲ, ಅದರಲ್ಲಿ ಟುಲ್ಪ್ ಹೆಣದ ಕೈಯಿಂದ ಇಕ್ಕಳದಲ್ಲಿ ಎತ್ತಿ ಹಿಡಿದಿರುವುದು ಬೆರಳು ಮಡಚುವ ಈ ಸ್ನಾಯುಗಳನ್ನೇ. ಟುಲ್ಪ್‌ನ ಎಡಗೈಯನ್ನೂ ನೋಡಿ, ಬೆರಳುಗಳು ಅರ್ಧ ಮಡಚಿವೆ. ಈ ಸ್ನಾಯು ಎಳೆದರೆ ಬೆರಳು ಹೀಗಾಗುತ್ತದೆ ಅಂತ ತೋರಿಸುತ್ತಿದ್ದಾನೆ ಅನ್ನುವುದು ಬಹಳ ಜನ ಒಪ್ಪುವ ಮಾತು. ಅದೇ ಚಿತ್ರದ ಮುಂಗೈಯಲ್ಲಿ ಸ್ನಾಯುಗಳು ಹೊರಡುವ ಜಾಗ ಸರಿಯಿಲ್ಲ ಅಂತ ವೈದ್ಯರು ಇವತ್ತಿಗೂ ಜಗಳ ಆಡುತ್ತಾರೆ. ಅಂಥ ಕಲಾವಿದನ ಗತಿಯೇ ಹೀಗೆ, ನೀವೇನೂ ಚಿಂತೆ ಮಾಡಬೇಡಿ.

ಬಣ್ಣದ ಡಬ್ಬಿ:

ಮೇಷ್ಟ್ರು ಹೇಳಿದ್ದೆಲ್ಲ ಸರಿ, ಆದರೆ ಸೀಳಿದ ಟೆಂಡನ್ ಚರ್ಮದ ಮೇಲೆ ಕಾಣುವುದಿಲ್ಲ. ಪೆನ್ಸಿಲ್ ಹಿಡಿದವರಿಗೆ ಕಾಣುವುದಷ್ಟೇ ಮುಖ್ಯ. ನಾನು ಹೇಳುವುದು ಆ ಅಲ್ನಾ ಏಣಿನ ವಿಷಯ. ಮಡಚುವ ಗುಂಪು ಒಂದು ಕಡೆ, ಬಿಡಿಸುವ ಗುಂಪು ಇನ್ನೊಂದು ಕಡೆ, ಗಡಿಯೇ ಆ ಗೆರೆ. ಮುಂಗೈ ಎಷ್ಟೇ ತಿರುಚಿರಲಿ, ನಾನು ಮೊದಲು ಮೊಣಕೈ ಮೊನೆಯನ್ನೂ ಮಣಿಕಟ್ಟಿನ ಗುಬುಟನ್ನೂ ಚುಕ್ಕಿ ಇಟ್ಟು ಗುರುತಿಸಿ ಆ ಗೆರೆ ಎಳೆದುಬಿಡುತ್ತೇನೆ. ಉಳಿದದ್ದು ಅದರ ಎರಡು ಬದಿ ತುಂಬುವ ಕೆಲಸ.

ಇನ್ನೊಂದು ಉಬ್ಬು ಹೆಬ್ಬೆರಳ ಕಡೆಯದು. ಮೊಣಕೈಗಿಂತ ಮೇಲೆ, ರಟ್ಟೆಯ ಹೊರಬದಿಯ ಮೂಳೆಯಲ್ಲಿ ಶುರುವಾಗಿ ಮಣಿಕಟ್ಟಿನ ಹೆಬ್ಬೆರಳ ಬದಿಗೆ ಇಳಿಯುವ ಸ್ನಾಯು. ಬ್ರೇಕಿಯೊರೇಡಿಯಾಲಿಸ್ ಅಂತ ಹೆಸರು. ನಿಮಗೆ ಹೆಸರು ಬೇಡ, ಜಾಗ ಸಾಕು. ಹೆಬ್ಬೆರಳು ಮೇಲೆ ಮಾಡಿ ಮುಷ್ಟಿ ಕಟ್ಟಿ, ಇನ್ನೊಂದು ಕೈಯಿಂದ ಮುಷ್ಟಿಯನ್ನು ಕೆಳಗೆ ಒತ್ತುತ್ತಾ ಮೊಣಕೈ ಮಡಚಲು ನೋಡಿ. ಮೊಣಕೈ ಮಡಿಕೆಯ ಹೊರಬದಿಯಲ್ಲಿ ಎದ್ದು ನಿಲ್ಲುತ್ತದೆ. ಮೇಲೆ ರಟ್ಟೆಯಲ್ಲಿ, ಕೆಳಗೆ ರೇಡಿಯಸ್ಸಿನಲ್ಲಿ ಕಚ್ಚಿಕೊಂಡಿರುವುದರಿಂದ ಅಂಗೈ ಬೋರಲಾದಾಗ ಇದೂ ಓರೆಯಾಗಿ ಸುತ್ತಿಕೊಳ್ಳುತ್ತದೆ. ನಿಮ್ಮ ಎರಡು ಗೆರೆಯ ಮುಂಗೈ ಸಪ್ಪೆ ಕಾಣುವುದು ಈ ಓರೆ ಇಲ್ಲದ್ದರಿಂದ.

ಬೆರಳಿನ ಉದ್ದದಲ್ಲೂ ಸುಮಾರು ಜನ ಎಡವುತ್ತಾರೆ. ಕೈಯನ್ನು ಹಿಂಬದಿಯಿಂದ ನೋಡಿದರೆ ಬೆರಳು ಗೆಣ್ಣಿನಿಂದಲೇ ಶುರು. ಅಂಗೈ ಕಡೆಯಿಂದ ನೋಡಿದರೆ ಬುಡದ ಗೆರೆಯಿಂದ ಶುರು. ಆ ಬುಡದ ಗೆರೆ ಇರುವುದು ಮೊದಲ ಬೆರಳ ಮೂಳೆಯ ಹೆಚ್ಚುಕಮ್ಮಿ ಮಧ್ಯದಲ್ಲಿ. ಹಾಗಾಗಿ ಅದೇ ಬೆರಳು ಹಿಂದಿನಿಂದ ಉದ್ದ, ಮುಂದಿನಿಂದ ಗಿಡ್ಡ. ಎರಡೂ ಕಡೆಯಿಂದ ಒಂದೇ ಉದ್ದ ಬಿಡಿಸಿದರೆ ಅಂಗೈ ಚಿಕ್ಕದಾಗಿ ಕಾಣುತ್ತದೆ, ಏನು ತಪ್ಪಾಗಿದೆ ಅಂತ ಗೊತ್ತಾಗದೆ ಉಜ್ಜಿ ಉಜ್ಜಿ ಕಾಗದ ಹರಿಯುತ್ತದೆ.

ಮುಷ್ಟಿ ಬಿಡಿಸುವಾಗ ಬೆರಳುಗಳನ್ನು ಸಮಾನಾಂತರವಾಗಿ ಮಡಚಬೇಡಿ. ಒಂದೊಂದೇ ಬೆರಳು ಮಡಚಿ ನೋಡಿ. ಪ್ರತಿಯೊಂದರ ತುದಿಯೂ ಹೆಬ್ಬೆರಳ ಬುಡದ ಮಣಿಕಟ್ಟಿನ ಕಡೆಗೇ ಮುಖ ಮಾಡುತ್ತದೆ. ಅಲ್ಲಿ ಸ್ಕಾಫಾಯ್ಡ್ ಅನ್ನುವ ಪುಟ್ಟ ಮೂಳೆ ಇದೆ.

ಕೀಲೆಣ್ಣೆ:

ಬಣ್ಣದ ಡಬ್ಬಿ ಅವರ ಕೊನೆಯ ಮಾತು ನಮಗೂ ಕೆಲಸಕ್ಕೆ ಬರುತ್ತದೆ. ನಾನು ಫಿಸಿಯೊಥೆರಪಿಸ್ಟ್. ಬೆರಳ ಮೂಳೆ ಮುರಿದು ಸ್ವಲ್ಪ ತಿರುಚಿಕೊಂಡು ಕೂಡಿದ್ದರೆ ಕೈ ಬಿಡಿಸಿದಾಗ ಏನೂ ಗೊತ್ತಾಗುವುದಿಲ್ಲ. ಮಡಚಲು ಹೇಳಿದರೆ ಆ ಬೆರಳು ಸ್ಕಾಫಾಯ್ಡ್ ದಿಕ್ಕು ಬಿಟ್ಟು ಪಕ್ಕದ ಬೆರಳಿನ ಮೇಲೆ ಹತ್ತುತ್ತದೆ. ಅಷ್ಟರಲ್ಲೇ ಸಿಕ್ಕಿಬೀಳುತ್ತದೆ.

ಸ್ಕಾಫಾಯ್ಡ್ ಹೆಸರು ಬಂದದ್ದರಿಂದ ಒಂದು ಎಚ್ಚರಿಕೆ, ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಹೇಳಿಬಿಡುತ್ತೇನೆ. ಹೆಬ್ಬೆರಳನ್ನು ಹಿಂದಕ್ಕೆ ಎತ್ತಿ ಹಿಡಿದರೆ ಅದರ ಬುಡದಲ್ಲಿ ಎರಡು ಟೆಂಡನ್ ಏಣುಗಳ ನಡುವೆ ಒಂದು ಗುಳಿ ಬೀಳುತ್ತದೆ. ಅದರ ತಳದಲ್ಲಿರುವುದು ಇದೇ ಮೂಳೆ. ಕೈ ಊರಿ ಬಿದ್ದ ಮೇಲೆ ಆ ಗುಳಿಯಲ್ಲಿ ಒತ್ತಿದರೆ ನೋವಾಗುತ್ತದೆ ಅಂದರೆ ಉಳುಕು ಅಂದುಕೊಂಡು ಎಣ್ಣೆ ಹಚ್ಚಿ ಸುಮ್ನೆ ಕೂರಬೇಡಿ. ಮೊದಲ ದಿನದ ಎಕ್ಸ್‌ರೇಯಲ್ಲಿ ಬಿರುಕು ಕಾಣದೇ ಇರಬಹುದು. 10ರಿಂದ 14 ದಿನ ಬಿಟ್ಟು ಮತ್ತೆ ತೆಗೆಯಲು ಹೇಳುವುದು ಅದಕ್ಕೇ. ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳ ಕಡೆಯ ತುದಿಯಿಂದ ಹಿಂದಕ್ಕೆ ಹರಿದು ಬರುತ್ತದೆ. ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ನಿಂತು ಅದು ಸತ್ತೇ ಹೋಗುವ ಅಪಾಯ ಇದೆ.

ಮತ್ತೆ ಚಿತ್ರಕ್ಕೆ. ಹಿಡಿತ ಇರುವ ಕೈ ಬಿಡಿಸಬೇಕಾದರೆ ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ. ಮಣಿಕಟ್ಟನ್ನು ಪೂರ್ತಿ ಒಳಗೆ ಮಡಚಿಕೊಂಡು ಮುಷ್ಟಿ ಬಿಗಿ ಮಾಡಲು ನೋಡಿ, ಆಗುವುದೇ ಇಲ್ಲ. ಮಡಚುವ ಸ್ನಾಯುಗಳು ಆಗಲೇ ಮೋಟಾಗಿರುತ್ತವೆ, ಎಳೆಯಲು ಜಾಗ ಉಳಿದಿರುವುದಿಲ್ಲ. ಹಿಂಬದಿಯ ಟೆಂಡನ್‌ಗಳು ಬಿಗಿದು ಬೆರಳನ್ನು ಬಿಡಿಸಲು ಎಳೆಯುತ್ತಿರುತ್ತವೆ. ಸಡಿಲ ಬಿಟ್ಟ ಕೈಯಲ್ಲೂ ಇದು ಕಾಣುತ್ತದೆ. ಮಣಿಕಟ್ಟು ಹಿಂದಕ್ಕೆ ಬಾಗಿದರೆ ಬೆರಳು ತಾನಾಗಿ ಮಡಚುತ್ತದೆ, ಮುಂದಕ್ಕೆ ಬಿದ್ದರೆ ತಾನಾಗಿ ಬಿಚ್ಚುತ್ತದೆ. ಕತ್ತಿನ ಹತ್ತಿರ ಬೆನ್ನುಹುರಿಗೆ ಪೆಟ್ಟಾಗಿ ಬೆರಳ ಸ್ನಾಯು ಸೋತು, ಮಣಿಕಟ್ಟು ಎತ್ತುವ ಶಕ್ತಿ ಮಾತ್ರ ಉಳಿದವರು ಇದೇ ಉಪಾಯದಿಂದ ಲೋಟ, ಪೆನ್ನು ಹಿಡಿಯುವುದನ್ನು ಕಲಿಯುತ್ತಾರೆ.

ಗೀಚುಗಾರ:

ಅಬ್ಬಾ, ಇಷ್ಟೊಂದು ಸಿಗುತ್ತದೆ ಅಂದುಕೊಂಡಿರಲಿಲ್ಲ. ಏಣಿನ ಪ್ರಯೋಗ ಮಾಡಿದೆ ಮೇಷ್ಟ್ರೇ, ಮುಂಗೈಯನ್ನು ಮೊದಲ ಸಲ ನೋಡಿದ ಹಾಗಾಯಿತು. ಆದರೆ ಒಂದು ಕಡೆ ಸಿಕ್ಕಿಹಾಕಿಕೊಂಡೆ. ಸ್ನಾಯು ಎಲ್ಲ ಮುಂಗೈಯಲ್ಲೇ ಇದ್ದರೆ ಹೆಬ್ಬೆರಳ ಬುಡದಲ್ಲಿ ಅಷ್ಟು ದಪ್ಪಗೆ ಉಬ್ಬಿರುವುದು ಏನು? ಬರೀ ಕೊಬ್ಬಾ?

ಹಳೇ ಮೇಷ್ಟ್ರು:

ಕೊಬ್ಬಲ್ಲ, ಅದೂ ಸ್ನಾಯುವೇ. ಬೆರಳಲ್ಲಿ ಇಲ್ಲ ಅಂದೆ, ಅಂಗೈಯಲ್ಲಿ ಬೇಕಾದಷ್ಟಿವೆ. ಜೋರಾದ ಹಿಡಿತ ಮುಂಗೈಯದು, ನಾಜೂಕಿನ ಕೆಲಸಕ್ಕೆ ಅಂಗೈಯ ಪುಟ್ಟ ಸ್ನಾಯುಗಳೂ ಬೇಕು. ಹೆಬ್ಬೆರಳ ಬುಡದ ಉಬ್ಬಿನಲ್ಲಿ ಮೂರು ಸ್ನಾಯು ಸೇರಿಕೊಂಡಿವೆ. ಹೆಬ್ಬೆರಳನ್ನು ಎತ್ತಿ ತಿರುಗಿಸಿ ಬೇರೆ ಬೆರಳುಗಳ ಎದುರಿಗೆ ತಂದು ನಿಲ್ಲಿಸುವುದು ಅವು. ಕಿರುಬೆರಳ ಕಡೆಯ ಉಬ್ಬಿನಲ್ಲೂ ಅದರ ಪಾಲಿನ ಸ್ನಾಯುಗಳಿವೆ. ಅಂಗೈ ಮೂಳೆಗಳ ನಡುನಡುವೆ ಇನ್ನಷ್ಟು, ಬೆರಳನ್ನು ಅಗಲಿಸಲು, ಕೂಡಿಸಲು.

ವಿಚಿತ್ರದವು ಲಂಬ್ರಿಕಲ್ ಅನ್ನುವ ನಾಲ್ಕು. ಸಾಮಾನ್ಯವಾಗಿ ಸ್ನಾಯು ಒಂದು ಮೂಳೆಯಲ್ಲಿ ಹುಟ್ಟಿ ಇನ್ನೊಂದು ಮೂಳೆಗೆ ಹೋಗಿ ಅಂಟುತ್ತದೆ. ಇವುಗಳಿಗೆ ಆ ಗೊಡವೆಯೇ ಇಲ್ಲ. ಮಡಚುವ ಆಳದ ಟೆಂಡನ್ ಮೇಲೆ ಹುಟ್ಟಿ, ಬೆರಳಿನ ಹಿಂಬದಿಯ ಬಿಡಿಸುವ ಟೆಂಡನ್ ಹರವಿಗೆ ಹೋಗಿ ಸೇರುತ್ತವೆ. ಗೆಣ್ಣಿನಲ್ಲಿ ಮಡಚಿ, ಮುಂದಿನ ಎರಡು ಕೀಲನ್ನು ನೆಟ್ಟಗಿಡುವ ಭಂಗಿಗೆ ಇವು ನೆರವಾಗುತ್ತವೆ. ಕಾಗದದ ಹಾಳೆಯನ್ನು ಬೆರಳು ನೆಟ್ಟಗಿಟ್ಟು ಹಿಡಿಯುತ್ತೇವಲ್ಲ, ಆ ಭಂಗಿ.

ಚರ್ಮದ ಮೇಲೆ ಕಾಣುವುದೇ ಬೇಕು ಅನ್ನುವ ಬಣ್ಣದ ಡಬ್ಬಿಯವರಿಗಾಗಿ: ಹೆಬ್ಬೆರಳಿಂದ ತೋರುಬೆರಳನ್ನು ಗಟ್ಟಿಯಾಗಿ ಒತ್ತಿ, ಕೈಯ ಹಿಂಬದಿಯಲ್ಲಿ ಅವೆರಡರ ನಡುವೆ ನೋಡಿ. ದುಂಡಗೆ ಉಬ್ಬುತ್ತದೆ. ಅಲ್ನಾ ನರ (ಮೂಳೆಯಲ್ಲ, ಮೊಣಕೈ ಒಳಬದಿಯಿಂದ ಹಸ್ತಕ್ಕೆ ಇಳಿಯುವ ನರ) ಕೆಟ್ಟವರಲ್ಲಿ ಅದೇ ಜಾಗ ಗುಳಿ ಬಿದ್ದಿರುತ್ತದೆ.

ಶ್ರುತಿಪೆಟ್ಟಿಗೆ:

ನಾನು ಚಿತ್ರ ಬಿಡಿಸುವವಳಲ್ಲ, ಕೀಬೋರ್ಡ್ ಕಲಿಯುತ್ತಿದ್ದೇನೆ. ಹಾಗಾದರೆ ನನ್ನ ಉಂಗುರ ಬೆರಳು ಯಾಕೆ ಮಾತು ಕೇಳುವುದಿಲ್ಲ, ಇಲ್ಲೇ ಕೇಳಿಬಿಡುತ್ತೇನೆ. ತೋರುಬೆರಳು, ಕಿರುಬೆರಳು ಹೇಳಿದ ಹಾಗೆ ಏಳುತ್ತವೆ. ಇದೊಂದು ಮಾತ್ರ ಪಕ್ಕದವರನ್ನೂ ಎಬ್ಬಿಸದೆ ಏಳುವುದಿಲ್ಲ. ಅಭ್ಯಾಸದಿಂದ ಸರಿ ಹೋಗುತ್ತದಾ?

ಕೀಲೆಣ್ಣೆ:

ಎಲ್ಲರ ಉಂಗುರ ಬೆರಳೂ ಹಾಗೇ, ನಿಮ್ಮದೊಂದೇ ಅಲ್ಲ. ಅಂಗೈಯನ್ನು ಮೇಜಿನ ಮೇಲೆ ಬೋರಲು ಇಡಿ. ನಡುಬೆರಳನ್ನು ಮಡಚಿ ಅಂಗೈ ಅಡಿಗೆ ಹಾಕಿ. ಈಗ ಹೆಬ್ಬೆರಳು ಎತ್ತಿ, ತೋರುಬೆರಳು ಎತ್ತಿ, ಕಿರುಬೆರಳು ಎತ್ತಿ. ಆಯಿತಾ? ಈಗ ಉಂಗುರ ಬೆರಳು ಎತ್ತಿ ನೋಡೋಣ.

ಬೆರಳುಗಳನ್ನು ಮೇಲೆತ್ತುವ ಸ್ನಾಯು ನಾಲ್ಕೂ ಬೆರಳಿಗೆ ಒಂದೇ. ಅದರಿಂದ ನಾಲ್ಕು ಟೆಂಡನ್ ಕವಲೊಡೆದು ಬರುತ್ತವೆ. ತೋರುಬೆರಳಿಗೂ ಕಿರುಬೆರಳಿಗೂ ಇದರ ಜೊತೆಗೆ ಸ್ವಂತದ್ದೊಂದು ಸ್ನಾಯು ಇದೆ. ನಡುಬೆರಳಿಗೂ ಉಂಗುರ ಬೆರಳಿಗೂ ಆ ಭಾಗ್ಯ ಇಲ್ಲ. ಸಾಲದ್ದಕ್ಕೆ ಕೈಯ ಹಿಂಬದಿಯಲ್ಲಿ ಈ ಟೆಂಡನ್‌ಗಳ ನಡುವೆ ಅಡ್ಡಪಟ್ಟಿಗಳಿವೆ. ನಡುಬೆರಳನ್ನು ಮಡಚಿದಾಗ ಅದರ ಟೆಂಡನ್ ಮುಂದಕ್ಕೆ ಸರಿದು, ಅಡ್ಡಪಟ್ಟಿಯ ಮೂಲಕ ಉಂಗುರ ಬೆರಳಿನದನ್ನೂ ಹಿಡಿದುಕೊಳ್ಳುತ್ತದೆ. ಆಮೇಲೆ ನೀವು ಎಷ್ಟು ಮನಸ್ಸು ಮಾಡಿದರೂ ಅಷ್ಟೇ. ಮಡಚುವ ಕಡೆಯಲ್ಲೂ ಇದೇ ಕಥೆ. ಆಳದ ಸ್ನಾಯುವಿನಲ್ಲಿ ತೋರುಬೆರಳಿನ ಪಾಲು ಸುಮಾರಾಗಿ ಬೇರೆ, ಉಳಿದ ಮೂರು ಬೆರಳುಗಳದ್ದು ಒಟ್ಟು ಕುಟುಂಬ.

ಅಭ್ಯಾಸದಿಂದ ಹಿಡಿತ ಸುಧಾರಿಸುತ್ತದೆ, ಯಾಕೆಂದರೆ ಬೆರಳುಗಳು ಒಟ್ಟಿಗೆ ಅಲ್ಲಾಡುವುದರಲ್ಲಿ ಮಿದುಳಿನ ಪಾಲೂ ಇದೆ. ಆದರೆ ಪಟ್ಟಿ ಕರಗುವುದಿಲ್ಲ. 19ನೇ ಶತಮಾನದಲ್ಲಿ ಪಿಯಾನೊ ನುಡಿಸುವವರ ಕೈಯಲ್ಲಿ ಈ ಪಟ್ಟಿಯನ್ನು ಕತ್ತರಿಸುವ ಶಸ್ತ್ರಚಿಕಿತ್ಸೆಯೂ ನಡೆದಿತ್ತು. ದಯವಿಟ್ಟು ಅತ್ತ ಮನಸ್ಸು ಹಾಯಿಸಬೇಡಿ. ಬೆರಳನ್ನು ಎತ್ತರಕ್ಕೆ ಎತ್ತಿ ಹೊಡೆಯುವುದಕ್ಕಿಂತ ಮುಂಗೈ, ಮಣಿಕಟ್ಟನ್ನು ಸ್ವಲ್ಪ ಆ ಬೆರಳ ಕಡೆಗೆ ವಾಲಿಸಿ ಒತ್ತಿ. ಬೆರಳನ್ನು ಬಲವಂತವಾಗಿ ಹಿಂದಕ್ಕೆ ಎಳೆದು ಸಡಿಲ ಮಾಡುವ ಸಾಹಸ ಬೇಡ.

ಗೀಚುಗಾರ:

ಎತ್ತಲಿಕ್ಕೆ ಆಗಲಿಲ್ಲ! ಮನೆಯವರನ್ನೆಲ್ಲ ಕೂರಿಸಿ ಮಾಡಿಸಿದೆ, ಒಬ್ಬರದೂ ಏಳಲಿಲ್ಲ.

ಇನ್ನೊಂದು ಪ್ರಶ್ನೆ ಕೇಳಿ ಬಿಡುತ್ತೇನೆ. ಜಾಸ್ತಿ ಹೊತ್ತು ಪೆನ್ಸಿಲ್ ಹಿಡಿದ ದಿನ ರಾತ್ರಿ ಕೈ ಜೋಮು ಹಿಡಿದು ಎಚ್ಚರ ಆಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಕೈ ಕೊಡವಿದರೆ ಕಮ್ಮಿ ಆಗುತ್ತದೆ. ಇದಕ್ಕೂ ಈ ಟೆಂಡನ್‌ಗಳಿಗೂ ಏನಾದರೂ ಸಂಬಂಧ ಇದೆಯಾ?

ಕೀಲೆಣ್ಣೆ:

ಇದೆ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳು ಸೇರಿ ಕಮಾನಿನ ಥರ ನಿಂತಿವೆ. ಆ ಕಮಾನಿನ ಬಾಯಿಗೆ ಅಂಗೈ ಕಡೆಯಿಂದ ದಪ್ಪ ಪಟ್ಟಿಯೊಂದು ಬಿಗಿದಿದೆ. ಒಳಗಿನ ಇಕ್ಕಟ್ಟಿನ ದಾರಿಗೆ ಕಾರ್ಪಲ್ ಟನಲ್ ಅನ್ನುತ್ತಾರೆ. ಅದರೊಳಗೆ ಒಂಬತ್ತು ಟೆಂಡನ್: ನಾಲ್ಕು ಬೆರಳಿಗೆ ಎರಡೆರಡು, ಹೆಬ್ಬೆರಳಿಗೆ ಒಂದು. ಅವುಗಳ ಜೊತೆ ಮೀಡಿಯನ್ ನರ, ನೀವು ಹೇಳಿದ ಆ ಮೂರು ಬೆರಳಿಗೆ ಸ್ಪರ್ಶ ಕೊಡುವುದು ಅದೇ. ಒಳಗೆ ಒಂಚೂರು ಬಾವು ಬಂದರೂ ನರಕ್ಕೆ ಒತ್ತು ಬೀಳುತ್ತದೆ. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಂಡರೆ ಒತ್ತಡ ಇನ್ನೂ ಜಾಸ್ತಿ, ಅದಕ್ಕೇ ರಾತ್ರಿ ಕಾಟ.

ಎರಡು ವಿಷಯ ಗಮನಿಸಿ. ಕಿರುಬೆರಳಿಗೂ ಜೋಮು ಬರುತ್ತದಾ? ಬಂದರೆ ಅಲ್ನಾ ನರವನ್ನು ನೋಡಬೇಕು. ಮೊಣಕೈ ತಾಗಿದಾಗ ಕರೆಂಟ್ ಹೊಡೆಯುತ್ತದಲ್ಲ, ಅದೇ ನರ. ಇನ್ನೊಂದು, ಹೆಬ್ಬೆರಳ ಬುಡದ ಉಬ್ಬಿನ ಚರ್ಮವೂ ಮರಗಟ್ಟಿದೆಯಾ? ಟನಲ್ ತೊಂದರೆಯಲ್ಲಿ ಸಾಮಾನ್ಯವಾಗಿ ಅಲ್ಲಿ ಸ್ಪರ್ಶ ಸರಿಯಾಗೇ ಇರುತ್ತದೆ, ಯಾಕೆಂದರೆ ಆ ಚರ್ಮಕ್ಕೆ ಹೋಗುವ ಕವಲು ಮೊದಲೇ ಬೇರೆಯಾಗಿ ಟನಲ್ ಹೊರಗಿನಿಂದ ಹೋಗುತ್ತದೆ. ಬಿಡುವು ಕೊಟ್ಟು ಬಿಡಿಸಿ. ಪೆನ್ಸಿಲ್ ದಪ್ಪದ್ದಿರಲಿ. ರಾತ್ರಿ ಮಣಿಕಟ್ಟು ನೆಟ್ಟಗಿರುವ ಹಾಗೆ ಪಟ್ಟಿ ಕಟ್ಟಿಕೊಂಡು ಮಲಗುವುದು ಬಹಳ ಜನಕ್ಕೆ ಸಹಾಯ ಮಾಡುತ್ತದೆ. ಹಗಲಲ್ಲೂ ಜೋಮು ಉಳಿದರೆ, ಕೈಯಿಂದ ಸಾಮಾನು ಜಾರಿದರೆ, ಹೆಬ್ಬೆರಳ ಬುಡದ ಉಬ್ಬು ಸಣ್ಣಗಾದ ಹಾಗೆ ಕಂಡರೆ ಕಾಯಬೇಡಿ, ವೈದ್ಯರ ಹತ್ತಿರ ಹೋಗಿ. ಬರೀ ಇಲ್ಲಿ ಬರೆದದ್ದು ಓದಿ ನಾನು ಇದೇ ರೋಗ ಅಂತ ಹೇಳಲಾರೆ.

ಬಣ್ಣದ ಡಬ್ಬಿ:

ಪೆನ್ಸಿಲನ್ನು ಕತ್ತು ಹಿಸುಕಿದ ಹಾಗೆ ಹಿಡಿಯಬೇಡಿ, ಅರ್ಧ ಸಮಸ್ಯೆ ಅಲ್ಲೇ. ದೊಡ್ಡ ಗೆರೆಗಳನ್ನು ಭುಜದಿಂದ ಎಳೆಯಿರಿ.

ಮೇಷ್ಟ್ರಿಗೊಂದು ಪ್ರಶ್ನೆ. ಹೆಬ್ಬೆರಳು, ಕಿರುಬೆರಳು ಕೂಡಿಸಿ ಮಣಿಕಟ್ಟು ಸ್ವಲ್ಪ ಮಡಚಿದರೆ ನನ್ನ ಬಲಗೈಯಲ್ಲಿ ಮಣಿಕಟ್ಟಿನ ನಡುವೆ ಒಂದು ಹುರಿ ಎದ್ದು ನಿಲ್ಲುತ್ತದೆ. ಎಡಗೈಯಲ್ಲಿ ಇಲ್ಲವೇ ಇಲ್ಲ. ನೋಡಿ ನೋಡಿ ಬಿಡಿಸುವಾಗ ಗಮನಕ್ಕೆ ಬಂತು. ಏನಾದರೂ ಐಬಾ?

ಹಳೇ ಮೇಷ್ಟ್ರು:

ಐಬಲ್ಲ. ಅದು ಪಾಲ್ಮಾರಿಸ್ ಲಾಂಗಸ್ ಅನ್ನುವ ಸ್ನಾಯುವಿನ ಟೆಂಡನ್. ಕೆಲವರಿಗೆ ಎರಡೂ ಕೈಯಲ್ಲಿ ಇರುತ್ತದೆ, ಕೆಲವರಿಗೆ ಒಂದರಲ್ಲಿ, ಕೆಲವರಿಗೆ ಎರಡರಲ್ಲೂ ಇಲ್ಲ. ಒಟ್ಟಾರೆ ಸುಮಾರು 15 ಶೇಕಡಾ ಜನರಲ್ಲಿ ಇರುವುದಿಲ್ಲ ಅಂತ ಪುಸ್ತಕಗಳು ಬರೆಯುತ್ತವೆ, ಜನಾಂಗದಿಂದ ಜನಾಂಗಕ್ಕೆ ಈ ಲೆಕ್ಕ ಬಹಳ ಏರುಪೇರು. ಇಲ್ಲದಿದ್ದರೂ ಹಿಡಿತ ಕಮ್ಮಿಯಾದದ್ದು ಗೊತ್ತೇ ಆಗುವುದಿಲ್ಲ. ಅದಕ್ಕೇ ಬೇರೆಲ್ಲೋ ಟೆಂಡನ್ ಹರಿದಾಗ ಕಸಿ ಮಾಡಲು ಶಸ್ತ್ರವೈದ್ಯರು ಮೊದಲು ಕಣ್ಣು ಹಾಕುವುದು ಇದರ ಮೇಲೆ. ನಿಮ್ಮ ಚಿತ್ರದಲ್ಲಿ ಬಲಗೈಗೆ ಆ ಹುರಿ ಹಾಕಿ, ಎಡಗೈಗೆ ಬಿಡಿ. ತಪ್ಪು ಅಂತ ಯಾರಾದರೂ ಹೇಳಿದರೆ ನನ್ನ ಹತ್ತಿರ ಕಳಿಸಿ.